ಕೈ ಕಾಣದ ಹೆಂಗಸರು

ಕಟೂಂಬಾದ ಚರ್ಚಿನ ಹಳೇ ಸಾಮಾನಿನಂಗಡಿಯಲ್ಲಿ
ಮಂಗಳವಾರ ನನ್ನ ಸರದಿ.
ಯಾರೋ ಬಾಗಿಲಲ್ಲಿ ಬಿಟ್ಟುಹೋದ ಬಾಳೆಹಣ್ಣಿನ ಡಬ್ಬದಲ್ಲಿ
ನಲವತ್ತೊಂದು ಪುಸ್ತಕ, ಒಂಬತ್ತು ಪೆನ್ಸಿನವು,
ಬೆನ್ನು ಮುರಿದು, ಅಂಟು ಒಣಗಿ,
ತೆರೆದರೆ ಹಪ್ಪಳದ ಹಾಗೆ ಚಟಕ್ಕೆನ್ನುವ ಹಾಳೆ.

ಎಲ್ಲ ಮುಖಪುಟದಲ್ಲೂ ಗಾಳಿಯೋ ಗಾಳಿ.
ಆಪರೇಷನ್ ಕೋಣೆಯೊಳಗೂ
ದಾದಿಯ ಕೂದಲು ಹಾರಲೇಬೇಕು.
ಭುಜದಿಂದ ಜಾರಿದ ರವಿಕೆ
ಇನ್ನೊಂದಂಗುಲ ಜಾರುವುದಿಲ್ಲ,
ಆ ಅಂಗುಲದ ಮೇಲೆ ಪೊಲೀಸರ ಕಣ್ಣಿದೆ.

ತಿರುಗಿಸಿದರೆ ಬೆನ್ನಲ್ಲಿ ಕೂಗು, ಹಳದಿಯಲ್ಲಿ:
'ದಾದಿಯೋ? ದ್ರೋಹಿಯೋ?'
'ಅವನ ತೋಳಲ್ಲಿ ಸ್ವರ್ಗ, ಜೇಬಲ್ಲಿ ಇನ್ನೊಬ್ಬಳ ಉಂಗುರ!'
'ಪಾಪ ಒಂದೇ ರಾತ್ರಿಯದು,
ಲೆಕ್ಕ ಒಂಬತ್ತು ತಿಂಗಳದ್ದು!'
ನಾಟಕದ ದನಿ ತೆಗೆದು ಓದುತ್ತಿದ್ದೆ.
ಇಸ್ತ್ರಿಪೆಟ್ಟಿಗೆ ನಿಂತಿತು.

'ಆ ಭುಜ ನನ್ನದು' ಅಂದಳು ಡಲ್ಸಿ ಪೆನ್‌ಹಾಲ್.
'ಮುಖ ಯಾವುದೋ ಸೋಪಿನ ಜಾಹೀರಾತಿನದು.'

ಸರಿ ಹಿಲ್ಸಿನ ಮಹಡಿಕೋಣೆ, ಕೆಳಗೆ ಚರ್ಮ ಹದಮಾಡುವ ನಾತ.
ಶನಿವಾರ ಮಧ್ಯಾಹ್ನ, ಗಂಟೆಗೆ ಐದು ಶಿಲ್ಲಿಂಗ್.
ಚಿತ್ರ ಬರೆಯುವ ಕ್ಲಾರಿ ಪೊರಕೆಗೆ ಕೋಟು ತೊಡಿಸಿ
'ಇವನೇ ನಿನ್ನ ಡಾಕ್ಟರು, ಹಂಬಲಿಸು' ಅನ್ನುತ್ತಿದ್ದನಂತೆ.
'ಹಂಬಲಿಸಿದೆ ಕಣೆ, ಮಟನ್ ಪೈ ನೆನೆದುಕೊಂಡು.
ಬೆಳಗಿನಿಂದ ಹೊಟ್ಟೆಗೆ ಬಿದ್ದಿರಲಿಲ್ಲ.'

ಆಗ ಕಂಡಿತು ನನಗೆ:
ನಲವತ್ತೊಂದು ಹೆಂಗಸರಲ್ಲಿ
ಒಬ್ಬಳಿಗೂ ಕೈಯಿಲ್ಲ.
ಪರದೆಯ ಹಿಂದೆ, ಕೂದಲೊಳಗೆ,
ಅವನ ಕೋಟಿನ ಮಡಿಕೆಯಲ್ಲಿ.
ನನ್ನ ಭಾಷೆಯಲ್ಲಾದರೆ ಕೈಯಿಲ್ಲದೆ ಕಥೆಯೇ ಸಾಗದು:
ಹಿಡಿದವನು, ಕೊಟ್ಟವನು, ಬಿಟ್ಟವನು,
ಎಲ್ಲವನೂ ಕೈಯಿಂದಲೇ.

'ಪಾಪ, ಅವನಿಗೆ ಕೈ ಬರೆಯಲು ಬರುತ್ತಿರಲಿಲ್ಲ'
ಅಂದಳು. ಆಮೇಲೆ ತಡೆದು,
'ಅಥವಾ ನನ್ನವು ನೋಡಿ ಬೇಡವೆನಿಸಿತೋ.
ವಾರವೆಲ್ಲ ಕಾರ್ಖಾನೆಯಲ್ಲಿ
ಪೀಚಿನ ಸಿಪ್ಪೆ ಸುಲಿಯುವ ಕಾಸ್ಟಿಕ್ ನೀರು.
ಹಣ್ಣಿನ ಜತೆ ನಮ್ಮದೂ ಸುಲಿಯುತ್ತಿತ್ತು.'

ತೊಂಬತ್ತರ ಆ ಬೆರಳುಗಳು
ಯಾರದೋ ಅಂಗಿಯ ಕಾಲರನ್ನು
ಎಳೆದು, ಸವರಿ, ಚಪ್ಪಟೆ ಮಾಡಿದವು.
ಕಥೆ ಏನೆಂದು ಕೇಳಿದೆ.
ಒಂದನ್ನೂ ಓದಿಲ್ಲವಂತೆ.
ಕ್ಲಾರಿಯೂ ಓದುತ್ತಿರಲಿಲ್ಲ; ಒಳಗೆ ಆಕೆ ಉಟ್ಟದ್ದು ಬೂದು,
ಮೇಲೆ ಕೆಂಪು, ಕೆಂಪು ಬಣ್ಣ ಅಗ್ಗವಿತ್ತು ಅಷ್ಟೆ.

ಐವತ್ತು ಸೆಂಟಿನ ದುಂಡು ಚೀಟಿ ಬೆರಳತುದಿಯಲ್ಲಿಟ್ಟು
ಎಲ್ಲಿ ಅಂಟಿಸಲೆಂದು ನೋಡುತ್ತಿದ್ದೆ.

'ಭುಜದ ಮೇಲೆ ಬೇಡ' ಅಂದಳು ತಲೆಯೆತ್ತದೆ,
'ಡಾಕ್ಟರನ ಮೂಗಿಗೆ ಹಾಕು.'