ಏಣಿ ಗುರುತಿನ ರೈಟರು

ಬಸ್ಸಿನಿಂದ ಇಳಿದವನೇ ಬೋರ್ಡು ಓದಿ ನಕ್ಕನಂತೆ
ರೈಟರ್ ಪಿನ್ಹಾಸ್:
'ನೆಲ್ಯಹುದಿಕೇರಿ! ನೋಡಿ, ನಾನು ಬರುವ ಮೊದಲೇ
ನನ್ನ ಜಾತಿ ನಿಮ್ಮೂರ ಹೆಸರಿನೊಳಗೆ ಬಂದು ಕೂತಿದೆ.'
ಯಹೂದಿ ಎಂದರೇನು, ಅಪ್ಪನಿಗೆ ಗೊತ್ತಿರಲಿಲ್ಲ.
ಮಟ್ಟಂಚೇರಿಯವನು, ತಲೆಗೆ ಸಣ್ಣ ಟೋಪಿ,
ಅಷ್ಟೇ ತಿಳಿದದ್ದು.

ಶನಿವಾರ ಪೆನ್ನು ಮುಟ್ಟನು.
ಶನಿವಾರವೇ ಬಟವಾಡೆ.
ದೊರೆ ಬೈದ, ಬೇರೆ ರೈಟರನ್ನು ಹುಡುಕಿದ,
ಕಾಸಿಗೆ ಕಾಸು ಕೂಡಿಸಬಲ್ಲ ಇನ್ನೊಬ್ಬ ಸಿಗದೆ
ಶುಕ್ರವಾರಕ್ಕೆ ಸರಿಸಿದ.
ಹೊತ್ತು ಮುಳುಗುವ ಮೊದಲು ಕೂಲಿ ಕೈಗೆ.
ಲೈನಿನವರು ಗೆದ್ದ ಮೊದಲ ಜಗಳ ಅದು,
ಅವರು ಆಡಿರದ ಜಗಳ.

ಆಮೇಲಿನದು ಆಡಿದ್ದೇ.
ಚೆಕ್‌ರೋಲಿನಲ್ಲಿ ಅರ್ಧ ಆಳಾಗಿದ್ದ ಹೆಂಗಸರ
ಹೆಸರ ಮುಂದೆ ಇಡೀ ಗೀಟು ಎಳೆದ.
ಕೆಲಸ ಹೋಯಿತು.
ಸಿದ್ದಾಪುರದ ಚಾದಂಗಡಿ ಅಟ್ಟದಲ್ಲಿ ಸಂಘ,
ಒಂದು ಪೆಟ್ರೋಮ್ಯಾಕ್ಸು, ನೂರಾ ಹನ್ನೊಂದು ಹೆಬ್ಬೆಟ್ಟು.
ಹಣ್ಣು ಗಿಡದಲ್ಲೇ ಕಪ್ಪಾಗುವ ತನಕ
ಹನ್ನೆರಡು ದಿನ ಯಾರೂ ಬುಟ್ಟಿ ಕಟ್ಟಲಿಲ್ಲ.
ರಾತ್ರಿ ಆನೆ ಬಂದರೆ ಮಾತ್ರ
ದೊರೆಯ ತೋಟಕ್ಕೂ ತಮಟೆ ಬಡಿದರು.

ಅಟ್ಟದ ಮೇಲೆ ಅವನೊಂದು ನೆಲದ ಮಾತಾಡುತ್ತಿದ್ದ:
ದೊರೆಯಿಲ್ಲದ ತೋಟ, ಕಿತ್ತಳೆಯ ಸಾಲು,
ಒಂದೇ ಒಲೆ, ದುಡಿದವರೇ ಬರೆಯುವ ಲೆಕ್ಕ.
'ಎರಡು ಸಾವಿರ ವರ್ಷದ ಹಿಂದೆ ನಮ್ಮದಾಗಿತ್ತು.'
ಮೂಲೆಯಲ್ಲಿ ಎಲೆ ಮೆಲ್ಲುತ್ತಿದ್ದ ಪಣಿಯರವರ ಚುಂಡೆ ಕೇಳಿದಳು,
'ಈಗ ಅಲ್ಲಿ ಯಾರಿದ್ದಾರೆ, ರೈಟ್ರೇ?'
ಪೆಟ್ರೋಮ್ಯಾಕ್ಸಿಗೆ ಗಾಳಿ ಹಾಕಲು ಎದ್ದ.
ತುಂಬ ಹೊತ್ತು ಹಾಕಿದ.

ಐವತ್ತೆರಡರ ಚುನಾವಣೆ. ಏಣಿ ಗುರುತು.
ಮೆಣಸು ಬಿಡಿಸುವ ಬಿದಿರೇಣಿಯನ್ನೇ ಹೊತ್ತು
ಕಾವೇರಿಯ ಕಡವಿನವರೆಗೆ ಮೆರವಣಿಗೆ.
ಮೂವತ್ತೊಂಬತ್ತು ಓಟಿಗೆ ಸೋತ.
ಚೆಕ್‌ರೋಲಿನಲ್ಲಿದ್ದ ನಮ್ಮವರು ಎಷ್ಟೋ ಜನ
ಓಟಿನ ಪಟ್ಟಿಯಲ್ಲಿರಲಿಲ್ಲ.
ಏಣಿ ಮಾತ್ರ ಮರುದಿನವೇ ಮರಕ್ಕೆ ಹೋಯಿತು, ಕೊಯ್ಲಿತ್ತು.

ಐವತ್ತನಾಲ್ಕರಲ್ಲಿ ಹಡಗು ಹತ್ತಿದ,
ಎರಡು ಹಿಡಿ ಒಳ್ಳೆಮೆಣಸು ಕಟ್ಟಿಕೊಂಡು.
ಬಂದದ್ದು ಒಂದೇ ಕಾಗದ, ಮಲೆಯಾಳ ಬೆರೆತ ಕನ್ನಡ:
ಅಲ್ಲೂ ಸಂಘ, ಅಲ್ಲೂ ಓಟು, ಈ ಸಲ ಗೆದ್ದನಂತೆ ಊರ ಸಭೆಗೆ.
ಕಿತ್ತಳೆ ದೊಡ್ಡದು, ಆದರೆ ಕೊಡಗಿನದರ ಹಾಗೆ
ಸಿಪ್ಪೆ ಬೆರಳಿಗೆ ಬಿಟ್ಟುಕೊಡುವುದಿಲ್ಲ.
ಕೊನೆಗೆ, ಅಂಚಿನಲ್ಲಿ, ಅಡ್ಡಡ್ಡ:
'ಗುಡ್ಡದ ಮೇಲೆ ಖಾಲಿ ಮನೆಗಳಿವೆ. ಅಂಜೂರ ಹಣ್ಣಾಗುತ್ತದೆ,
ಯಾರೂ ಕೊಯ್ಯುವುದಿಲ್ಲ. ಚುಂಡೆಗೆ ಹೇಳಿ.'

ಓದಿ ಹೇಳಿದ್ದು ನಾನೇ, ಮೂರನೇ ಕ್ಲಾಸು.
ಅವಳು ಹೊರಗೆ ಹೋಗಿ ಉಗುಳಿ ಬಂದು
'ಏನು ಹೇಳಬೇಕಂತೆ?' ಎಂದಳು.
ಇನ್ನೊಮ್ಮೆ ಓದಿದೆ.
ಅಷ್ಟರಲ್ಲಿ ಬಟವಾಡೆಯ ಗಂಟೆ.
ಶುಕ್ರವಾರ.