ಎರಡನೆಯ ಟಿಕೆಟ್

ಸೋನಾ ಮಸೂರಿಯ ಹಳೆ ಚೀಲದಲ್ಲಿ
ಅರ್ಧ ಮನುಷ್ಯರನ್ನು ಹೊತ್ತು
ಕಲಾಸಿಪಾಳ್ಯದಲ್ಲಿ ಬಸ್ಸು ಹತ್ತಿದೆ.
ಹಾಫ್ ಸೆಟ್ ಅನ್ನುತ್ತಾರೆ ಹಾಸ್ಟೆಲಿನಲ್ಲಿ:
ಒಂದು ಕೈ, ಒಂದು ಕಾಲು, ಒಂದೇ ಭುಜದ ಹಲಗೆ,
ದಾರಕ್ಕೆ ಪೋಣಿಸಿದ ಬೆನ್ನಿನ ಮಣಿಗಳು,
ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುವ ಬುರುಡೆ.
ಸೀನಿಯರ್ ರುಖಿಯಾ ಪಾಸಾಗಿ ಮಾರಿದ್ದು,
ಆರು ಸಾವಿರ. ಐನೂರು ಬಿಟ್ಟಳು,
ಕಿರುಬೆರಳಿನ ತುದಿ ಕಳೆದಿತ್ತಲ್ಲ, ಅದಕ್ಕೆ.

ತೊಡೆಮೂಳೆಯ ಮೇಲೆ ಅವಳ ಹೆಸರು, ಅವಳ ಗೆರೆಗಳು.
ಕೆಂಪು, ಸ್ನಾಯು ಹೊರಡುವ ಜಾಗ;
ನೀಲಿ, ಬಂದು ಸೇರುವ ಜಾಗ.
ಅದರಡಿಗೆ ಇನ್ಯಾರದೋ ಮಾಸಿದ ಪೆನ್ಸಿಲ್.
ಸತ್ತ ಮೇಲೂ ತಿದ್ದಿಸಿಕೊಳ್ಳುತ್ತಲೇ ಇರುವ ಸ್ಲೇಟು.

ಸಂಜೆ ಆರೂವರೆ. ಕಾಲಿಡಲು ಜಾಗವಿಲ್ಲ.
ಮೈಸೂರು ರಸ್ತೆಯಲ್ಲಿ ಬ್ರೇಕು ಬಿದ್ದಾಗೆಲ್ಲ
ಎಂಬತ್ತು ಬೆನ್ನುಗಳು ಒಟ್ಟಿಗೆ ಬಾಗಿ ಒಟ್ಟಿಗೆ ನೆಟ್ಟಗಾದವು.
ಬೆಳಗ್ಗೆ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ,
ಬೆನ್ನು ನೇರ ಕೋಲಲ್ಲ, ನಾಲ್ಕು ಬಳುಕು,
ಮಣಿಮಣಿಗಳ ನಡುವೆ ಮೆತ್ತೆ.
ಯಾಕೆಂದು ಈಗ ತಿಳಿಯಿತು.
ನೇರವಾಗಿದ್ದಿದ್ದರೆ ಸಿರ್ಸಿ ಸರ್ಕಲ್ಲಿಗೇ ಮುರಿದಿರುತ್ತಿದ್ದೆವು.

"ಏನಮ್ಮಾ ಚೀಲದಲ್ಲಿ? ಲಗೇಜಾ?"
ಕಂಡಕ್ಟರ್ ಹೊಂಬಾಳಮ್ಮ. ಹೆಸರು ಬಿಲ್ಲೆಯ ಮೇಲಿತ್ತು,
ಎದೆಮೂಳೆಗೆ ಸರಿಯಾಗಿ ಎಡಕ್ಕೆ.
ಸುಳ್ಳು ಹೇಳಬಹುದಿತ್ತು.
ಎಲುಬಿಲ್ಲದ ನಾಲಿಗೆ ಅಂತಾರೆ, ಆದರೆ
ಅದರ ಬುಡದಲ್ಲೇ ಲಾಳದಂಥ ಪುಟ್ಟ ಎಲುಬೊಂದಿದೆ,
ಬೇರೆ ಯಾವ ಎಲುಬಿಗೂ ತಾಗದೆ
ಗಂಟಲಲ್ಲಿ ಒಂಟಿಯಾಗಿ ತೂಗುವಂಥದ್ದು.
ಅದು ನಡುಗಿತು.
"ಮೂಳೆ," ಅಂದೆ.
"ಕುರೀದಾ?"
"ಮನುಷ್ಯರದು. ಓದೋದಕ್ಕೆ."

ಪಕ್ಕದ ಟಿಫಿನ್ ಕ್ಯಾರಿಯರ್ ಆ ಕಡೆ ಸರಿಯಿತು.
ಯಾರೋ ರಾಮ ರಾಮ ಅಂದರು, ಯಾರೋ ನಕ್ಕರು.
ಅವರ ಕಿವಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯೊಂದು
ನನ್ನ ಮಾತು ಹೊತ್ತು ಅಲುಗಿದ್ದು ಅವರಿಗೆ ಗೊತ್ತಿಲ್ಲ.

ಹೊಂಬಾಳಮ್ಮ ಬಗ್ಗಿದರು, ಮೆಲ್ಲಗೆ ಕೇಳಿದರು:
"ಗಂಡಸೋ ಹೆಂಗಸೋ?
ಹೆಂಗಸಾದ್ರೆ ಫ್ರೀ. ಗಂಡಸಾದ್ರೆ ದುಡ್ಡು ಕೊಡು."
ತಮಾಷೆಯೋ, ಚೆಕಿಂಗಿನವರ ಭಯವೋ,
ಮುಖದಲ್ಲಿ ತಿಳಿಯಲಿಲ್ಲ.

ಹೋದ ವಾರವಷ್ಟೇ ಕಲಿತದ್ದು.
ಸೊಂಟದ ಮೂಳೆಯ ಹಿಂಬದಿಗೊಂದು ಕೊರಕಲು.
ಹೆಬ್ಬೆರಳಿಡು. ಬಿಗಿದು ಕೂತರೆ ಗಂಡು.
ಆಚೀಚೆ ಆಡಿದರೆ ಹೆಣ್ಣು,
ಮಗುವಿನ ತಲೆಗೆ ದಾರಿ ಬಿಡಬೇಕಲ್ಲ.
ಅದೂ ಬರುವಾಗ ನೆತ್ತಿಯ ಚಿಪ್ಪುಗಳನ್ನು
ಒಂದರ ಮೇಲೊಂದು ಸರಿಸಿಕೊಂಡು ಬರುತ್ತದೆ,
ಕಿಕ್ಕಿರಿದ ಬಸ್ಸಿನಲ್ಲಿ ಭುಜ ಓರೆ ಮಾಡಿದ ಹಾಗೆ.

ಚೀಲದೊಳಗೆ ಕೈಬಿಟ್ಟೆ.
ಪಕ್ಕೆಲುಬು. ಮೊಣಕಾಲ ಚಿಪ್ಪು. ಮತ್ತೆ ಪಕ್ಕೆಲುಬು.
ಆಮೇಲೆ ಅದು.
ಹೆಬ್ಬೆರಳು ಆಡಿತು, ಸಲೀಸಾಗಿ, ತೊಟ್ಟಿಲಲ್ಲಿ ಆಡಿದಂತೆ.

ಅಲ್ಲಿಯವರೆಗೆ ಸೆಟ್ಟು. ಆರು ಸಾವಿರದ ಸಾಮಾನು.
ಇದರ ಮಜ್ಜೆಯಲ್ಲಿ ಕ್ಷಣಕ್ಷಣಕ್ಕೂ ನೆತ್ತರು ಹುಟ್ಟಿತ್ತು.
ಹಾಲೂಡಿಸುವ ಕಾಲ ಬಂದಿದ್ದರೆ, ಸುಣ್ಣ ಸಾಲದಿದ್ದರೆ,
ತನ್ನ ಗೋಡೆಯನ್ನೇ ಕೆರೆದು ಕೊಟ್ಟಿರುತ್ತದೆ ಇದು.
ಈಗ ಹಪ್ಪಳದಷ್ಟು ಹಗುರ.

"ಹೆಂಗಸು," ಅಂದೆ.

ಹೊಂಬಾಳಮ್ಮ ಮಾತಾಡಲಿಲ್ಲ.
ಸವೆದ ಮೊಣಕಾಲನ್ನು ಕಂಬಕ್ಕೆ ಒತ್ತಿ ನಿಂತು
ಪಿಂಕ್ ಟಿಕೆಟ್ ಎರಡು ಹರಿದರು.
ಒಂದು ಕೊಟ್ಟರು. ಇನ್ನೊಂದು ಹಿಡಿದುಕೊಂಡೇ ಕೇಳಿದರು,
"ಇವರಿಗೆ ಎಲ್ಲಿಗೆ?"

ಕೆಂಗೇರಿ, ಅಂದೆ, ನನ್ನ ಜೊತೆಗೇ.
ಬೇರೆ ಊರಿನ ಹೆಸರು ಗೊತ್ತಿರಲಿಲ್ಲ.

ಟಿಕೆಟ್ಟು ಬುರುಡೆಯೊಳಗಿದೆ, ಮುಚ್ಚಳ ತೆಗೆದರೆ ಕಾಣುತ್ತದೆ.
ತೊಡೆಮೂಳೆಯ ಮೇಲೆ ರುಖಿಯಾಳ ಹೆಸರಿನ ಕೆಳಗೆ
ನನ್ನ ಹೆಸರು ಬರೆಯಬೇಕು, ಇಲ್ಲದಿದ್ದರೆ ರೂಮಿನಲ್ಲಿ ಅದಲುಬದಲಾಗುತ್ತದೆ.
ಪೆನ್ನು ಇದೆ. ಇನ್ನೂ ಬರೆದಿಲ್ಲ.