ಹಂಗಾಮಿ

ಕಡತದ ಮೊದಲ ಸಾಲಿಗೇ ಕೈ ನಿಂತಿತು.
ಸಂವತ್ಸರ ಬರೆದೆ, ಮಾಸ ಬರೆದೆ, ತಿಥಿ ಬರೆದೆ.
'ಇವರ ಆಳ್ವಿಕೆಯಲ್ಲಿ' ಎಂದು ಬರೆಯುವ ಕಡೆ
ಬಳಪ ಹಿಡಿದು ಹಾಗೇ ಕೂತೆ.
ಗುಡ್ಡದ ಮೇಲಿನ ಎಂಟು ಮೂಲೆಯ ಕೋಟೆಯಲ್ಲಿ
ಕೆಂಪಂಗಿಯ ಕುಂಪಣಿ ಪಟಾಲಂ.
ಕೆಳಗೆ ಸಕಲೇಶಪುರದ ಚಾವಡಿಯಲ್ಲಿ
ಮೊನ್ನೆಯ ತನಕ ಏಲಕ್ಕಿ ದಲ್ಲಾಳಿಯಾಗಿದ್ದ ಚನ್ನವೀರಯ್ಯ,
ಇವತ್ತಿನಿಂದ ಅಮಲ್ದಾರ.

ಕೋಟೆಯಿಂದ ಕುರ್ಚಿ ಕಳಿಸಿದ್ದರು.
ರೂಢಿಯಿಲ್ಲದ ಆಸಾಮಿ
ಅದರ ಮೇಲೂ ಚಕ್ಕಳಮಕ್ಕಳ ಹಾಕಿಕೊಂಡ.
ಆರ್ಕಾಡಿನ ದುಬಾಷಿ ಕಾಗದ ಬಿಚ್ಚಿ ಓದಿದ:
ಮುಂದಿನ ಏರ್ಪಾಡಾಗುವ ತನಕ
ಇವರೇ ಸರ್ಕಾರ, ಹಂಗಾಮಿ.

ತೋಟಿ ಈರಿಗ ತಮಟೆ ಕಾಯಿಸಿಕೊಂಡು ನಿಂತಿದ್ದ.
'ಸ್ವಾಮಿ, ಯಾರ ಹೆಸರು ಹೇಳಿ ಬಡೀಲಿ?'
ದುಬಾಷಿ ಚನ್ನವೀರಯ್ಯನ ಕಡೆ ನೋಡಿದ,
ಚನ್ನವೀರಯ್ಯ ನನ್ನ ಕಡೆ,
ನಾನು ಬಳಪದ ಕಡೆ.
'ಸುಮ್ನೆ ಬಡಿಯೋ,' ಅಂದೆ, 'ಹೆಸರು ಆಮೇಲೆ.'
ಬಡಿದ. ಬೀದಿ ಬಾಗಿಲಿಗೆ ಬಂದು ನಿಂತು
ಏನೂ ಕೇಳಿಸಲಿಲ್ಲ ಎಂಬಂತೆ ಒಳಗೆ ಹೋಯಿತು.
ಹಂಗಾಮಿ ಅಂದರೇನು ಎಂದು ಅವನ ಹೆಂಡತಿ ಕೇಳಿದಳಂತೆ.
ಹಂಗಿನಲ್ಲಿರೋ ಆಸಾಮಿ ಕಣೆ, ಅಂದನಂತೆ.
ನಾಲ್ಕು ಭಾಷೆಯ ಲೆಕ್ಕ ಬಲ್ಲ ನಾನು ತಿದ್ದಲಿಲ್ಲ.

ಹೊಸ ಸರ್ಕಾರದ ಕೈಯಲ್ಲಿ ಏನೇನಿತ್ತು ಕೇಳಿ:
ಕೆರೆ ತೂಬಿನ ಸರದಿ, ಬದುವಿನ ಜಗಳ,
ಮೆಣಸಿನ ಸುಂಕ, ದೋಣಿಕಡವಿನ ಗುತ್ತಿಗೆ,
ಕೋಟೆಗೆ ದಿನಕ್ಕೆ ಇಪ್ಪತ್ತು ಕೋಳಿ, ಎರಡು ಗಾಡಿ ಹುಲ್ಲು.
ಆ ಕೋಳಿ ಯಾರ ಮನೆಯದು ಎಂದು ಆರಿಸುವ ಅಧಿಕಾರ
ಪೂರಾ ನಮ್ಮದೇ.

ಮೂರನೇ ದಿನ ದೊಡ್ಡೀರಮ್ಮ ಬಂದಳು.
ಕೂರು ಎಂದರೆ ಕೂರಲಿಲ್ಲ.
ಹೊಳೆದಂಡೆಯ ಗೋಣಿಮರದಲ್ಲಿ ಅವಳ ಮಗ,
ನೇಣಿಗೆ ಹಾಕಿ ಒಂಬತ್ತು ದಿನ.
ಇಳಿಸಕೂಡದೆಂದು ಕೋಟೆಯ ಕಟ್ಟಪ್ಪಣೆ,
ಕಂಡವರು ಕಲಿಯಲಿ ಎಂದು.
'ಮೂರು ಹಿಡಿ ಮಣ್ಣು ಹಾಕಬೇಕು ನಾನು.
ಸರ್ಕಾರ ನೀನೇ ಅಂತಲ್ಲ?'

ಚನ್ನವೀರಯ್ಯ ಮೊಹರಿನ ಉಂಗುರ ತಿರುವಿದ.
ಗುಲಗಂಜಿ ತೂಕದ ವ್ಯತ್ಯಾಸ ಹಿಡಿಯುವ ಬೆರಳು ಅವು.
'ಅದು ನಮ್ಮ ಬಾಬಿಗೆ ಬರಲ್ಲ ತಾಯಿ,
ಮೇಲಕ್ಕೆ ಬರೀತೀನಿ.'
ಬರೆದೆವು. ದುಬಾಷಿ ಅವರ ಭಾಷೆಗೆ ತಿರುಗಿಸಿದ.
ಮೇಲಿಂದ ಬಂದ ಉತ್ತರದಲ್ಲಿ
ಹುಲ್ಲು ಒದ್ದೆಯಾಗಿತ್ತೆಂಬ ಆಕ್ಷೇಪಣೆ ಮಾತ್ರ.

ಅವತ್ತು ರಾತ್ರಿ ನನ್ನ ಕದ ತಟ್ಟಿದವನು
ರುಮಾಲಿಲ್ಲದ ಅಮಲ್ದಾರ, ಕಂಕುಳಲ್ಲಿ ಕುಡುಗೋಲು.
ಬಾ ಎನ್ನಲಿಲ್ಲ.
ನಾನು ಹೋದೆನೆಂದು ಇಲ್ಲಿ ಬರೆಯುವುದಿಲ್ಲ,
ಶಾನುಭೋಗನ ಅಭ್ಯಾಸ.
ಈರಿಗ ಮೊದಲೇ ಮರದ ಬುಡದಲ್ಲಿದ್ದ.
ಹಗ್ಗ ಕುಯ್ಯುವಾಗ ಮೇಲಿನವನು ಬಿಕ್ಕಿದನೋ,
ಹೇಮಾವತಿ ಬಂಡೆಗೆ ಬಡಿಯಿತೋ,
ಹೇಳಲಾರೆ.
ಆಚೆ ದಡದಲ್ಲಿ ಗುಂಡಿಯ ಪಕ್ಕ
ಒಬ್ಬಳು ಕೂತಿದ್ದಳು. ಈಗ ಕೂತಿದ್ದಳು.

ಬೆಳಗ್ಗೆ ಕುರ್ಚಿ ಏರಿ ಅಪ್ಪಣೆ ಕೊಡಿಸಿದ:
ಹೆಣ ಕದ್ದ ಕಳ್ಳನನ್ನು ಹುಡುಕತಕ್ಕದ್ದು.
ಹುಡುಕಿದೆವು, ಊರಿಗೆ ಊರೇ, ಬಹಳ ಶ್ರದ್ಧೆಯಿಂದ,
ಹಾಗಲ ಚಪ್ಪರದ ಕೆಳಗೆ, ಭತ್ತದ ಪಣತದೊಳಗೆ,
ಈರಿಗನಂತೂ ತನ್ನ ತಮಟೆಯ ಹಿಂದೆಯೂ.
'ಸಿಕ್ಕಲಿಲ್ಲ' ಎಂದು ಬರೆದೆ.
ಕಡತ ಈಸಿಕೊಂಡು ನೋಡಿ ಹಿಂದಕ್ಕೆ ಕೊಟ್ಟ.
ಅವನ ಉಗುರುಸಂದಿಯಲ್ಲಿ ಹೊಳೆಮಣ್ಣು;
ಹೆಬ್ಬೆಟ್ಟಿನಷ್ಟು ಅಂಚಿಗೆ ಅಂಟಿತು.

ಸುಗ್ಗಿ ಮುಗಿಯುವ ಮೊದಲೇ ಅವನನ್ನು ತೆಗೆದರು.
ಕಾರಣ: ಹುಲ್ಲು.
ಬೇರೆ ಹಂಗಾಮಿ ಬಂದ,
ಕುರ್ಚಿಯಿಂದ ಕಾಲು ಇಳಿಬಿಟ್ಟು ಕೂರಲು ಬಲ್ಲವನು.
ಹುಣಸೆಬೀಜದ ಸರಿಗೆ ಇದ್ದಲುಪುಡಿ ಕಲೆಸಿ ಬಳಿದು
ಕಡತದ ಹಳೆಯದನ್ನೆಲ್ಲ ಕಪ್ಪು ಮಾಡಿದೆ. ಅದು ಕ್ರಮ.
ಒಂದು ಮಡಿಕೆ ಬಿಟ್ಟೆ.
ಅದರಲ್ಲಿ ಸಂವತ್ಸರವಿದೆ, ತಿಥಿಯಿದೆ,
'ಇವರ ಆಳ್ವಿಕೆಯಲ್ಲಿ' ಎಂಬಲ್ಲಿ
ಎರಡು ಬೆರಳು ಖಾಲಿ ಜಾಗ,
ಕೆಳಗೆ 'ಸಿಕ್ಕಲಿಲ್ಲ',
ಅಂಚಿನಲ್ಲಿ ಒಣಗಿದ ಮಣ್ಣು.